ಖಾಲಿ ಹೆಂಗಸಿನ ತೂಕ

ಓನೊರಿನ್‌ಳ ತೂಕ ಎಷ್ಟೆಂದು ಅವಳ ಗಂಡನಿಗೆ ಸಾಯುವ ತನಕ ಗೊತ್ತಾಗಲಿಲ್ಲ. ಬಂದರಿಗೆ ಗೊತ್ತಾಯಿತು. ಇನ್ನೂರ ಹತ್ತು ಪೌಂಡು. ಪ್ರತಿ ಬುಧವಾರ ಅದನ್ನು ಮೈಕಿನಲ್ಲಿ ಕೂಗುತ್ತಿದ್ದರು.

“ಮಾ ಓನೊರಿನ್! ಹೆಡಿಗೆ ಸಮೇತ ಮುನ್ನೂರ ಹತ್ತು!”

ಧಕ್ಕೆಯ ಉದ್ದಕ್ಕೂ ಹಮಾಲರು ಶಿಳ್ಳೆ ಹಾಕುತ್ತಿದ್ದರು. ಲಾರಿ ಡ್ರೈವರುಗಳು ಹಾರನ್ ಒತ್ತುತ್ತಿದ್ದರು. ಕಂಟೇನರಿನ ನೆರಳಲ್ಲಿ ಕೂತವರು ಮುಂದಿನ ಹೆಂಗಸು ಎಷ್ಟು ತೂಗುತ್ತಾಳೆ ಎಂದು ಒಂದು ಗುಟುಕು ರಮ್ಮಿಗೆ ಪಂಥ ಕಟ್ಟುತ್ತಿದ್ದರು. ಓನೊರಿನ್ ಉತ್ತರ ಕೊಡುತ್ತಿರಲಿಲ್ಲ. ಕೊಡುವಂತಿರಲಿಲ್ಲ. ನೂರು ಪೌಂಡಿನ ಹೆಡಿಗೆ ತಲೆಯ ಮೇಲಿದ್ದಾಗ ಬಾಯಿ ಬಿಟ್ಟರೆ ಕತ್ತು ಸಡಿಲವಾಗುತ್ತದೆ. ನಕ್ಕರೆ ಹೆಡಿಗೆ ಉರುಳುತ್ತದೆ. ಅತ್ತರೂ ಅಷ್ಟೆ. ಕೆಳಗೆ ನೋಡುವಂತಿಲ್ಲ, ಮೇಲೆ ನೋಡುವಂತಿಲ್ಲ. ಮೂವತ್ತು ವರ್ಷದಿಂದ ಅವಳು ಆ ಬಂದರನ್ನು ನೇರ ನೋಟದಲ್ಲಿ ಮಾತ್ರ ಕಂಡಿದ್ದಳು. ಎದುರು ಬಂದವರ ಮುಖ ಗೊತ್ತಿತ್ತು. ಅವರ ಕಾಲ ಕೆಳಗಿನ ನೆಲವೂ ಗೊತ್ತಿರಲಿಲ್ಲ, ತಲೆಯ ಮೇಲಿನ ಆಕಾಶವೂ ಗೊತ್ತಿರಲಿಲ್ಲ.

ಡೊಮಿನಿಕ ದ್ವೀಪದ ಆನ್ಸ್ ಮಹೋ ಬಂದರಿಗೆ ಎರಡು ಗೇಟು. ಒಂದರಿಂದ ದೇಶ ತಿನ್ನುವುದೆಲ್ಲ ಒಳಗೆ ಬರುತ್ತದೆ. ಹಿಟ್ಟು, ಕೋಳಿಯ ಬೆನ್ನು, ಉಪ್ಪುಮೀನು, ಸಿಮೆಂಟು, ಗ್ಯಾಸು. ಅದು ಕಂಟೇನರಿನಲ್ಲಿ ಬರುತ್ತದೆ. ಕ್ರೇನು ಇಳಿಸುತ್ತದೆ, ಲಾರಿ ಹೊರುತ್ತದೆ. ಇನ್ನೊಂದರಿಂದ ದೇಶ ಬೆಳೆದದ್ದು ಹೊರಗೆ ಹೋಗುತ್ತದೆ. ಕೆಸುವಿನ ಗಡ್ಡೆ, ಶುಂಠಿ, ಬಾಳೆಗೊನೆ, ಚಕ್ಕೋತ. ಅದು ಹೆಂಗಸರ ತಲೆಯ ಮೇಲೆ ಹೋಗುತ್ತದೆ. ಬಿಳಿ ಬಣ್ಣದ ದೊಡ್ಡ ಬಾಳೆಹಡಗುಗಳು ಬರುವುದು ನಿಂತ ಮೇಲೆ ಹೊರಗೆ ಹೋಗುವ ವ್ಯಾಪಾರ ಅಂತ ಉಳಿದದ್ದು ಈ ನಲವತ್ತೆರಡು ಹೆಂಗಸರು ಮತ್ತು ‘ಮಿಸ್ ಪೇಷನ್ಸ್’ ಎಂಬ ಒಂದು ಮರದ ಹಡಗು. ಅವರ ಪಾಸಿನ ಮೇಲೆ ‘ಹಕ್‌ಸ್ಟರ್’ ಎಂದು ಬರೆದಿರುತ್ತದೆ. ಗುಡ್ಡದ ಮಾಲು ಕೊಂಡು, ಹೊತ್ತು, ಹಡಗು ಹತ್ತಿ, ವಾಂತಿ ಮಾಡಿಕೊಂಡು, ಅಂಟಿಗ ದ್ವೀಪದ ಸಂತೆಯಲ್ಲಿ ಕೂತು ಮಾರಿ ಬರುವವಳು ಎಂದು ಅದರ ಅರ್ಥ. ಅಷ್ಟೆಲ್ಲ ಪಾಸಿನಲ್ಲಿ ಹಿಡಿಸುವುದಿಲ್ಲ.

ಮೊದಲು ಗೋದಾಮಿನ ಬಾಗಿಲಲ್ಲಿ ಒಂದು ತಕ್ಕಡಿ ಇತ್ತು. ನೆಲದ ಮೇಲೆ ಹಲಗೆ, ಮೇಲೊಂದು ಹಿತ್ತಾಳೆಯ ಕಡ್ಡಿ. ಹೆಡಿಗೆ ಇಟ್ಟರೆ ಹೆಡಿಗೆಯ ತೂಕ ಹೇಳುತ್ತಿತ್ತು. ಆಮೇಲೆ ಹೊಸ ಸೂಪರಿಂಟೆಂಡೆಂಟ್ ಬಂದ. ಮಿಸ್ಟರ್ ಕಾಸಿಮೀರ್. ಹಳದಿ ಹೆಲ್ಮೆಟ್ಟು ಹಾಕಿಕೊಂಡೇ ಊಟ ಮಾಡುವ ಮನುಷ್ಯ. ತಕ್ಕಡಿ ಹಳತಾಯಿತು ಎಂದು ಅದನ್ನು ಎತ್ತಿಸಿ ತನ್ನ ಕಚೇರಿಯ ಜಗುಲಿಯಲ್ಲಿಟ್ಟು ಮೇಲೊಂದು ಜರಿಗಿಡದ ಕುಂಡ ಕೂರಿಸಿದ. ಇನ್ನು ಮೇಲೆ ಬಂದರಿನಲ್ಲಿ ಒಂದೇ ತೂಕ, ಲಾರಿ ಕಾಟಾದ್ದು ಎಂದ. ತುಂಬಿದ ಲಾರಿ ಕಾಟಾದ ಮೇಲೆ ನಿಲ್ಲುತ್ತದೆ. ಅದರಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಮಾಲಿನ ತೂಕ. ಹೆಂಗಸರಿಗೂ ಹಾಗೇ. ಕಾಟಾದ ಪಕ್ಕದ ಬೋರ್ಡಿನಲ್ಲಿ ‘ಖಾಲಿ ಲಾರಿ’ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಸಿದ.

‘ಖಾಲಿ ಹೆಂಗಸು: 130 ಪೌಂಡ್.’

ಎಲ್ಲರಿಗೂ ಅದೇ ಅಂಕಿ. ಯಾವ ಊರಿನ ಯಾವ ಹೆಂಗಸನ್ನು ತೂಗಿ ತಂದಿದ್ದನೋ.

“ಅವನ ಹೆಂಡ್ತಿ ತೂಕ ಇರ್ಬೇಕು ಕಣೆ,” ಎಂದಿದ್ದಳು ಫಿಲೋ. “ಪಾಪ, ಆ ಮನೇಲಿ ಹೆಲ್ಮೆಟ್ಟಿಗೆ ಮಾತ್ರ ಊಟ.”

ಫಿಲೋ ಓನೊರಿನ್‌ಳ ಗೆಳತಿ. ಬಡಕಲು. ನೂರು ಪೌಂಡು ತೂಗುತ್ತಿದ್ದಳು, ಅದರಲ್ಲಿ ನಾಲಗೆಯೇ ಅರ್ಧ. ಹೊಸ ಲೆಕ್ಕದಲ್ಲಿ ಅವಳ ನೂರು ಪೌಂಡಿನ ಶುಂಠಿ ಎಪ್ಪತ್ತಾಗುತ್ತಿತ್ತು. ಓನೊರಿನ್‌ಳ ನೂರು ಪೌಂಡಿನ ಗಡ್ಡೆ ನೂರ ಎಂಬತ್ತಾಗುತ್ತಿತ್ತು. ಆ ಎಂಬತ್ತು ಪೌಂಡು ಅವಳ ಸೊಂಟ, ಅವಳ ತೊಡೆ, ನಾಲ್ಕು ಹೆರಿಗೆ ಕಂಡ ಅವಳ ಹೊಟ್ಟೆ. ಚೀಟಿಯಲ್ಲಿ ಅದನ್ನು ‘ಕೆಸುವಿನ ಗಡ್ಡೆ’ ಎಂದೇ ಬರೆಯುತ್ತಿದ್ದರು. ಅದಕ್ಕೂ ಕಟ್ಟೆಸುಂಕ ಕಟ್ಟಬೇಕು. ತನ್ನ ಮೈಯನ್ನು ತಾನೇ ಹೊತ್ತುಕೊಂಡು ಹೋಗುವುದಕ್ಕೆ ಸುಂಕ.

ಮೊದಲ ಬುಧವಾರ ದಪ್ಪ ಹೆಂಗಸರೆಲ್ಲ ಸೇರಿ ಹೆಡಿಗೆಗಳನ್ನು ಒಂದೊಂದಾಗಿ ಫಿಲೋ ತಲೆಗೆ ಹೊರಿಸಿದರು. ಅವಳು ಹನ್ನೊಂದು ಸಲ ಕಾಟಾ ಹತ್ತಿದಳು. ಹನ್ನೆರಡನೆಯ ಸಲ ಮಂಡಿ ಮಡಚಿತು. ಮುಂದಿನ ಬುಧವಾರ ಬೋರ್ಡಿನಲ್ಲಿ ಹೊಸ ಸಾಲು ಬಂತು: ‘ಯಾರ ಪಾಸೋ ಅವರದೇ ತಲೆ.’

ಓನೊರಿನ್ ಕಚೇರಿಗೆ ಹೋಗಿ ಕೇಳಿದಳು. “ಮಿಸ್ಟರ್ ಕಾಸಿಮೀರ್, ನನ್ನ ಒಂದ್ಸಲ ಬರಿಗೈಲಿ ತೂಗಿ ನನ್ನ ಅಂಕಿ ಬರ್ಕೊಳಿ. ಅಷ್ಟೇ ಕೇಳೋದು.”

ಅವನು ಜರಿಗಿಡಕ್ಕೆ ನೀರು ಹಾಕುತ್ತಿದ್ದ. “ಒಬ್ಬೊಬ್ಬರಿಗೆ ಒಂದೊಂದು ಅಂಕಿ ಇಟ್ಟರೆ ಅದು ನಿಯಮ ಅಲ್ಲ ಮೇಡಂ, ಸಂತೆ. ಕಾಟಾ ಹತ್ತದವರ ಪಾಸು ರದ್ದು. ಕೆಳಗೆ ನೋಡಿಕೊಂಡು ಇಳಿಯಿರಿ, ಮೆಟ್ಟಿಲು ಒದ್ದೆಯಿದೆ.”

ಪಾಸಿಲ್ಲದಿದ್ದರೆ ಗೇಟಿಲ್ಲ. ಗೇಟಿಲ್ಲದಿದ್ದರೆ ಹಡಗಿಲ್ಲ. ಹಡಗಿಲ್ಲದಿದ್ದರೆ ಜಿರೋಡೆಲ್ ಗುಡ್ಡದ ಗಡ್ಡೆ ಗುಡ್ಡದಲ್ಲೇ ಕೊಳೆಯುತ್ತದೆ, ಅವಳ ಒಲೆಯೂ ತಣ್ಣಗಾಗುತ್ತದೆ. ಓನೊರಿನ್ ಕೆಳಗೆ ನೋಡಿಕೊಂಡು ಇಳಿದಳು. ಏಳು ಬುಧವಾರ ಕಾಟಾ ಹತ್ತಿದಳು. ಏಳು ಸಲ ಮೈಕಿನಲ್ಲಿ ಅವಳ ಸೊಂಟ ಕೂಗಿಸಿಕೊಂಡಿತು.

ಎಂಟನೆಯ ಬುಧವಾರ ಬಿಸಿಲು ಡಾಂಬರನ್ನು ಕರಗಿಸುತ್ತಿತ್ತು. ಹನ್ನೊಂದು ಗಂಟೆ. ಮೂರಕ್ಕೆ ಹಡಗು ಬಿಡಬೇಕು. ಹೆಂಗಸರು ಸಾಲಾಗಿ ನಿಂತಿದ್ದರು, ಎಲ್ಲರ ತಲೆಯ ಮೇಲೂ ಹೆಡಿಗೆ. ಒಮ್ಮೆ ಹೊತ್ತ ಹೆಡಿಗೆಯನ್ನು ನಡುವೆ ಇಳಿಸುವುದಿಲ್ಲ. ಇಳಿಸಿದರೆ ಮತ್ತೆ ಎತ್ತಿಕೊಡಲು ಇಬ್ಬರು ಬೇಕು, ಎದ್ದು ನಿಲ್ಲುವಾಗ ಮಂಡಿಯಲ್ಲಿ ಕಟಕ್ ಎನ್ನುತ್ತದೆ. ಅದಕ್ಕೇ ಗೇಟಿನಿಂದ ಕ್ರೇನಿನ ಬಲೆಯ ತನಕ ಹೊತ್ತೇ ಇರುವುದು ಅವರ ಪದ್ಧತಿ. ಸಿಂಬೆಯ ಅಡಿಯಿಂದ ಬೆವರು ಇಳಿದು ಹುಬ್ಬಿನಲ್ಲಿ ನಿಂತು ಕಣ್ಣಿಗೆ ಬೀಳುತ್ತದೆ. ಒರೆಸಿಕೊಳ್ಳಲು ಕೈ ಬಿಡುವಿರುವುದಿಲ್ಲ.

ಓನೊರಿನ್‌ಳ ಮುಂದೆ ಮರ್ಲಿನಾ ಇದ್ದಳು. ಇಪ್ಪತ್ತೆರಡು ವರ್ಷ. ಈ ಕಸುಬಿಗೆ ಬಂದು ಒಂದು ವರ್ಷ ಆಗಿತ್ತು. ಹೆಡಿಗೆ ಎತ್ತುವುದನ್ನು ಅವಳಿಗೆ ಕಲಿಸಿದವಳೇ ಓನೊರಿನ್. ಮರ್ಲಿನಾ ಕಾಟಾ ಹತ್ತಿದಳು. ತೂಕದ ಗುಮಾಸ್ತ ಲೆನಾಕ್ಸ್ ಗಾಜಿನ ಗೂಡಿನೊಳಗಿಂದ ಮುಳ್ಳು ನೋಡಿದ. ಲೆನಾಕ್ಸ್ ಕೆಟ್ಟವನಲ್ಲ. ಕಾಟಾದ ಮೇಲೆ ಏನು ಬಂದರೂ ಓದುವುದು, ಮೈಕಿನಲ್ಲಿ ಹೇಳುವುದು. ಹತ್ತು ವರ್ಷದಿಂದ ಅದೇ ಕೆಲಸ. ತಲೆ ಖರ್ಚಾಗುತ್ತಿರಲಿಲ್ಲ.

“ಮರ್ಲಿನಾ. ಹೆಡಿಗೆ ಸಮೇತ ಇನ್ನೂರ ಐವತ್ತು. ಹೋದ ತಿಂಗಳು ಇನ್ನೂರ ನಲವತ್ತು.”

ಮಿಸ್ಟರ್ ಕಾಸಿಮೀರ್ ಅಲ್ಲೇ ನಿಂತಿದ್ದ. “ಶುಂಠಿ ಜಾಸ್ತಿ ತುಂಬಿದ್ದೀಯಾ?”

“ಇಲ್ಲ ಸಾರ್. ನೂರೇ.”

“ಇಳಿಸು. ನೋಡೋಣ.”

ಇಳಿಸಿದಳು. ಹೆಡಿಗೆಯನ್ನು ಕಾಟಾದ ಹೊರಗೆ ಇಡಿಸಿದರು. ಲಾರಿ ನಿಲ್ಲುವ ಕಬ್ಬಿಣದ ಹಲಗೆಯ ನಡುವೆ ಮರ್ಲಿನಾ ಒಬ್ಬಳೇ ನಿಂತಳು. ಇಡೀ ಧಕ್ಕೆ ನೋಡುತ್ತಿತ್ತು. ಲೆನಾಕ್ಸ್ ಓದಿದ. ಓದುವುದು ಅವನ ಕೆಲಸ.

“ಹೆಡಿಗೆ ಸರಿ ಇದೆ ಸಾರ್. ನೂರ ಐವತ್ತು. ಖಾಲಿ ಹೆಂಗಸು ಹತ್ತು ಪೌಂಡ್ ಬೆಳೆದಿದ್ದಾಳೆ.”

ಮರ್ಲಿನಾಳ ಕೈ ಹೊಟ್ಟೆಯ ಮೇಲೆ ಹೋಯಿತು. ಅಷ್ಟೇ. ಅವಳು ಹೋಗು ಎಂದು ಹೇಳಿರಲಿಲ್ಲ. ಕೈ ತಾನೇ ಹೋಯಿತು. ಅವಳು ಇನ್ನೂ ಅವಳ ತಾಯಿಗೇ ಹೇಳಿರಲಿಲ್ಲ. ಮೈಕು ಮೊದಲು ಹೇಳಿಬಿಟ್ಟಿತು.

ಕಂಟೇನರಿನ ನೆರಳಿನಿಂದ ಒಬ್ಬ ಶಿಳ್ಳೆ ಹೊಡೆದ. “ಯಾರಪ್ಪಾ ಅದು ಹತ್ತು ಪೌಂಡ್ ತುಂಬ್ಸಿದೋನು? ಸುಂಕ ಅವನ ಕೈಲಿ ಕಟ್ಸಿ!” ನಗು. ಹಾರನ್ನು. ಲೆನಾಕ್ಸ್ ಚೀಟಿ ಹರಿದು ಕೊಟ್ಟ. ‘ಶುಂಠಿ, 120 ಪೌಂಡ್.’ ನೂರು ಹೆಡಿಗೆಯದು. ಮಿಕ್ಕ ಇಪ್ಪತ್ತು ಅವಳೂ ಅವಳ ಮಗುವೂ.

ಓನೊರಿನ್ ಅದನ್ನು ನೇರ ನೋಟದಲ್ಲಿ ನೋಡಿದಳು. ಆ ಚೀಟಿಯನ್ನು ನೋಡಿದಳು, ಆ ಕೈಯನ್ನು ನೋಡಿದಳು. ಅವಳ ಹೊಟ್ಟೆಯೊಳಗೆ ಎಲ್ಲೋ ಆಳದಲ್ಲಿ ಏನೋ ಕದಲಿತು. ಸಿಟ್ಟು ಎಂದುಕೊಂಡಳು. ಕತ್ತು ಬಿಗಿ ಹಿಡಿದು ಕಾಟಾ ಹತ್ತಿದಳು.

“ಮಾ ಓನೊರಿನ್! ಮುನ್ನೂರ ಹತ್ತು!”

ಚೀಟಿ ಬಂತು. ‘ಕೆಸುವಿನ ಗಡ್ಡೆ, 180 ಪೌಂಡ್.’ ಹಲ್ಲಲ್ಲಿ ಕಚ್ಚಿಕೊಂಡಳು. ಕ್ರೇನಿನ ತನಕ ಅರವತ್ತು ಹೆಜ್ಜೆ. ಹೊಟ್ಟೆಯೊಳಗಿನದು ಪ್ರತಿ ಹೆಜ್ಜೆಗೂ ಮೇಲೇರುತ್ತಿತ್ತು. ಎದೆಗೆ ಬಂತು. ಗಂಟಲಿಗೆ ಬಂತು. ಬಲೆ ನೆಲದ ಮೇಲೆ ಹರಡಿತ್ತು. ಇಬ್ಬರು ಹಮಾಲರು ಹೆಡಿಗೆ ಇಳಿಸಿಕೊಂಡರು. ತಲೆ ಹಗುರಾಯಿತು. ಹಗುರಾದದ್ದೇ ತಡ, ಗಂಟಲಲ್ಲಿದ್ದದ್ದು ಹೊರಗೆ ಬಿತ್ತು.

ಅದು ಸಿಟ್ಟಲ್ಲ. ನಗು.

ಅವಳು ನಕ್ಕಳು. ಚೀಟಿ ಬಾಯಿಂದ ಬಿದ್ದುಹೋಯಿತು. ಬಗ್ಗಿ ಎತ್ತಿಕೊಂಡು ಮತ್ತೆ ನಕ್ಕಳು. ಮಂಡಿ ಹಿಡಿದುಕೊಂಡು ನಕ್ಕಳು. ಏಳು ಬುಧವಾರದ ನಗು, ಹೆಡಿಗೆ ಉರುಳೀತೆಂದು ಹಿಡಿದಿಟ್ಟ ಮೂವತ್ತು ವರ್ಷದ ನಗು, ಎಲ್ಲ ಒಟ್ಟಿಗೆ ಬಂತು. ಕಣ್ಣಲ್ಲಿ ನೀರು ಬಂತು. ಹಮಾಲರಿಗೆ ಗಾಬರಿಯಾಯಿತು.

ಹಡಗಿನ ಅಂಚಿನಿಂದ ಲೆಕ್ಕದವನು ಕೂಗಿದ. “ಏನಂತೆ ಮಾ? ಚೀಟೀಲಿ ಎಷ್ಟಿದೆ?”

“ನೂರಾ ಎಂಬತ್ತು!”

“ಇಲ್ಲಿ ನೂರೇ ಕಾಣ್ತಿದೆ. ಮಿಕ್ಕಿದ್ದೆಲ್ಲಿ?”

ಅವನು ಪ್ರತಿ ವಾರ ಹೀಗೇ ಕೇಳುತ್ತಿದ್ದ. ಪ್ರತಿ ವಾರ ಕಪ್ತಾನ ಹೇಗೋ ಸರಿಮಾಡಿಕೊಳ್ಳುತ್ತಿದ್ದ. ಚೀಟಿಗೂ ಮಾಲಿಗೂ ತಾಳೆಯಾಗದಿದ್ದರೆ ಅಂಟಿಗದ ಕಸ್ಟಮ್ಸಿನವರು ಇಡೀ ಹಡಗನ್ನು ನಿಲ್ಲಿಸುತ್ತಾರೆ.

“ಮಿಕ್ಕಿದ್ದು ಇಲ್ಲೈತೆ!” ಓನೊರಿನ್ ತನ್ನ ಸೊಂಟಕ್ಕೆ ಫಟ್ಟನೆ ಹೊಡೆದುಕೊಂಡಳು. ಗೋದಾಮಿನ ಗೋಡೆ ಆ ಸದ್ದನ್ನು ವಾಪಸು ಕೊಟ್ಟಿತು. “ಎಂಬತ್ತು ಪೌಂಡ್, ಒಳ್ಳೆ ಗಡ್ಡೆ! ಸುಂಕ ಕಟ್ಟೀನಿ! ಕತ್ತರ್ಸಿ ಕೊಡಕ್ಕಾಗಲ್ಲ, ಇಡೀ ಬರ್ತೀನಿ. ತಗೊಳಿ!”

ಮತ್ತು ಬಲೆಯೊಳಗೆ ಹೋಗಿ ಹೆಡಿಗೆಯ ಪಕ್ಕ ಕಾಲು ಚಾಚಿ ಕೂತಳು.

ಮೇಲೆ ಕ್ರೇನಿನ ಗೂಡಿನಲ್ಲಿ ಹೆಸ್ಕೆತ್ ಇದ್ದ. ಅವನ ಮಗಳ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವಳು ಓನೊರಿನ್. ಹಾಗಾಗಿ ಅವಳು ಅವನಿಗೆ ಕೊಮೇರ್, ಅವನು ಅವಳಿಗೆ ಕೊಂಪೇರ್. ಒಡಹುಟ್ಟಿದವರಿಗಿಂತ ಗಟ್ಟಿ ಸಂಬಂಧ ಅದು. ಜಗಳ ಆಡಿದರೂ ಮಾತು ಬಿಡುವಂತಿಲ್ಲ.

“ಕೊಮೇರ್! ಎದ್ದೇಳು! ನನ್ನ ಕೆಲಸ ಹೋಗತ್ತೆ!”

“ನಿನ್ನ ಕ್ರೇನಿನ ಮೇಲೆ ಏನು ಬರ್ದೈತೆ ಓದು ಕೊಂಪೇರ್!”

ಓದಬೇಕಾಗಿರಲಿಲ್ಲ. ಮಾಲು ಕಳುವಾಗುತ್ತದೆ ಎಂದು ಮಿಸ್ಟರ್ ಕಾಸಿಮೀರ್ ಕೆಂಪು ಬಣ್ಣದಲ್ಲಿ ಬರೆಸಿದ್ದ: ‘ಚೀಟಿ ಇದ್ದದ್ದನ್ನು ಎತ್ತತಕ್ಕದ್ದು. ಎತ್ತಿದ್ದನ್ನು ಚೀಟಿ ಇಲ್ಲದೆ ಇಳಿಸತಕ್ಕದ್ದಲ್ಲ.’

“ಚೀಟಿ ಐತೆ!” ಓನೊರಿನ್ ಅದನ್ನು ಎತ್ತಿ ಹಿಡಿದು ಬೀಸಿದಳು. “ನೂರಾ ಎಂಬತ್ತು ಗಡ್ಡೆ! ಎತ್ತು!”

“ನೀನು ಬರೀ ಎಂಬತ್ತಲ್ವಲ್ಲೇ! ಮಿಕ್ಕ ನೂರಾ ಮೂವತ್ತು?”

“ಅದು ಖಾಲಿ ಹೆಂಗಸು! ಅದನ್ನ ಕಳ್ದು ಹಾಕವ್ರೆ! ಅದಕ್ಕೆ ಸರ್ಕಾರದಲ್ಲಿ ತೂಕಾನೇ ಇಲ್ಲ!”

ಹೆಸ್ಕೆತ್ ಕೆಳಗೆ ನೋಡಿದ. ತನ್ನ ಕೊಮೇರ್ ಗಡ್ಡೆಯ ಪಕ್ಕ ಗಡ್ಡೆಯ ಹಾಗೆ ಕೂತಿದ್ದಳು. ನಗುತ್ತ ಅಲುಗಾಡುತ್ತಿದ್ದಳು. ಅವನಿಗೂ ತಡೆಯಲಾಗಲಿಲ್ಲ. ಕಿಸಕ್ಕೆಂದ. ಕೈ ಹಿಡಿಕೆಯ ಮೇಲೆ ಹೋಯಿತು. ಬಲೆಯ ನಾಲ್ಕು ಮೂಲೆ ಎದ್ದು ಬಿಗಿದವು.

ಓನೊರಿನ್ ನೆಲ ಬಿಟ್ಟಳು.

ಕಾಟಾದ ಹತ್ತಿರ ಸಾಲಿನಲ್ಲಿದ್ದ ಹೆಂಗಸರು ಆಗಲೇ ಅದನ್ನು ಕಂಡದ್ದು. ಗಾಳಿಯಲ್ಲಿ ಒಂದು ಬಲೆ. ಬಲೆಯ ಕಣ್ಣುಗಳಿಂದ ಹೊರಬಿದ್ದ ಎರಡು ದಪ್ಪ ಕಾಲು. ಒಂದರಲ್ಲಿ ಚಪ್ಪಲಿ ಇತ್ತು, ಇನ್ನೊಂದರದು ಗಿರಗಿರನೆ ಸಮುದ್ರಕ್ಕೆ ಬೀಳುತ್ತಿತ್ತು.

ಫಿಲೋ ತನ್ನ ಹೆಡಿಗೆಯನ್ನು ಯಾರ ಸಹಾಯವೂ ಇಲ್ಲದೆ ನೆಲಕ್ಕೆ ಇಳಿಸಿದಳು. ಧೊಪ್ಪೆಂದಿತು. “ಇಳ್ಸಿ ಎಲ್ಲಾ!” ಎಂದಳು. “ನಾವೂ ಮಾಲೇ. ಕ್ರೇನು ಒಂದೇ ಐತೆ. ಸರದಿ ಬರೋ ತನಕ ಕಾಟಾದ ಮೇಲೇ ಕಾಯಾಣ.”

ಧೊಪ್, ಧೊಪ್, ಧೊಪ್. ಹೆಡಿಗೆಗಳು ಇಳಿದವು. ನಲವತ್ತೊಂದು ಹೆಂಗಸರು ಲಾರಿ ಕಾಟಾ ಹತ್ತಿದರು. ಕಬ್ಬಿಣ ನರಳಿತು. ಮರ್ಲಿನಾಳನ್ನು ನಡುವೆ ಒಂದು ಹೆಡಿಗೆಯ ಮೇಲೆ ಕೂರಿಸಿದರು. ಇಡೀ ಬಂದರಿಗೆ ಇರುವುದು ಅದೊಂದೇ ಕಾಟಾ. ಅದನ್ನು ದಾಟದೆ ಒಂದು ಲಾರಿಯೂ ಹೊರಗೆ ಹೋಗುವಂತಿಲ್ಲ. ಅದೂ ಮಿಸ್ಟರ್ ಕಾಸಿಮೀರನದೇ ನಿಯಮ. ಹಿಂದೆ ಹಿಟ್ಟಿನ ಲಾರಿ ನಿಂತಿತು. ಅದರ ಹಿಂದೆ ಕೋಳಿಯ ಲಾರಿ. ಅದರ ಹಿಂದೆ ಸಿಮೆಂಟು, ಗ್ಯಾಸು, ಇನ್ನೂ ಹದಿನೈದು. ದೇಶದ ಊಟ ಸಾಲುಗಟ್ಟಿ ಬಿಸಿಲಲ್ಲಿ ನಿಂತಿತು.

ಕಾರ್ನಿವಲ್ಲಿನಲ್ಲಿ ಹಾಡು ಎತ್ತಿಕೊಡುವವಳು ಫಿಲೋ. ಹಾಡಿನಲ್ಲಿ ಯಾರ ಮಾನವನ್ನು ಬೇಕಾದರೂ ಹರಾಜು ಹಾಕುವ ಹಕ್ಕು ಅವಳಿಗೆ ವರ್ಷಕ್ಕೆ ಎರಡು ದಿನ. ಇದು ಅಕ್ಟೋಬರ್. ಅವಳು ಕ್ಯಾಲೆಂಡರ್ ನೋಡಲಿಲ್ಲ.

“ಗಡ್ಡೆ ಎಷ್ಟು?”

“ನೂರು!”

“ಚೀಟೀಲೆಷ್ಟು?”

“ನೂರಾ ಎಂಬತ್ತು!”

“ಮಿಕ್ಕಿದ್ದೆಲ್ಲಿ?”

“ಮೇಲೈತೆ ನೋಡು!”

ಕಾಲು ಬಡಿದರು. ಕಾಟಾ ಡೋಲಾಯಿತು. ಹಿಟ್ಟಿನ ಲಾರಿಯ ಡ್ರೈವರು ಮೊದಲು ಸಿಟ್ಟಿಗೆ ಹಾರನ್ ಒತ್ತಿದ. ಎರಡನೆಯ ಸಲ ತಾಳಕ್ಕೆ ಒತ್ತಿದ. ಮೂರನೆಯ ಸಲ ಹಿಂದಿನವರೆಲ್ಲ ಸೇರಿಕೊಂಡರು. ಏಳು ಬುಧವಾರ ಹೆಂಗಸರ ಮೇಲೆ ಕೂಗಿದ ಅದೇ ಹಾರನ್ನುಗಳು.

ಮಿಸ್ಟರ್ ಕಾಸಿಮೀರ್ ಓಡಿ ಬಂದ. ಹೆಲ್ಮೆಟ್ಟು ಒಂದು ಕಿವಿಯ ಮೇಲೆ ವಾಲಿತ್ತು. ಕ್ರೇನಿನ ಕೆಳಗೆ ನಿಂತು ಕೂಗಿದ.

“ಹೆಸ್ಕೆತ್! ಇಳಿಸು ಅವಳನ್ನ!”

“ಚೀಟಿ ಕೊಡಿ ಸಾರ್.”

“ಯಾವ ಚೀಟಿ?”

“ಇಳಿಸೋ ಚೀಟಿ. ತಾವೇ ಬರೆಸಿದ್ದು.” ಹೆಸ್ಕೆತ್‌ನ ದನಿ ಚರ್ಚಿನ ಪ್ರಾರ್ಥನೆಯಷ್ಟು ವಿನಯವಾಗಿತ್ತು. “ಏನು ಇಳಿಸಬೇಕು ಅಂತ ಬರೆದು ಸಹಿ ಹಾಕಿ ಸಾರ್. ಮಾಲು ನನ್ನ ಜವಾಬ್ದಾರಿ.”

ಮಿಸ್ಟರ್ ಕಾಸಿಮೀರ್ ಜೇಬಿನಿಂದ ಚೀಟಿಯ ಪುಸ್ತಕ ತೆಗೆದ. ಬರೆದ. ‘ಒಬ್ಬ ಹೆಂಗಸನ್ನು ಇಳಿಸುವುದು.’ ಹಮಾಲ ಅದನ್ನು ಏಣಿ ಹತ್ತಿ ಕೊಟ್ಟು ಬಂದ. ಹೆಸ್ಕೆತ್ ಓದಿದ. ಬಲೆ ನೋಡಿದ. ತಲೆಯಾಡಿಸಿದ.

“ಬಲೇಲಿ ಹೆಂಗಸು ಇಲ್ಲ ಸಾರ್. ನೂರಾ ಎಂಬತ್ತು ಗಡ್ಡೆ ಇದೆ. ತಮ್ಮ ಕಚೇರಿದೇ ಮೊಹರಿದೆ. ಹೆಂಗಸು ಇದ್ದಾಳೆ ಅಂತಾದರೆ ಆ ಚೀಟಿ ಸುಳ್ಳಾಗತ್ತೆ. ಅದು ಸುಳ್ಳಾದರೆ ಎಂಟು ಬುಧವಾರದ್ದೂ ಸುಳ್ಳಾಗತ್ತೆ. ನಾನು ಏನು ಮಾಡಲಿ?”

ಕಚೇರಿಯಲ್ಲಿ ಫೋನು ಹೊಡೆದುಕೊಳ್ಳಲು ಶುರುವಾಗಿತ್ತು. ಮೊದಲು ಬೇಕರಿಯವನು, ಹಿಟ್ಟೆಲ್ಲಿ ಎಂದು. ಆಮೇಲೆ ಆಸ್ಪತ್ರೆಯ ಅಡುಗೆಯವಳು, ಗ್ಯಾಸೆಲ್ಲಿ ಎಂದು. ಆಮೇಲೆ ಒಬ್ಬ ಮಂತ್ರಿಯ ಮನೆಯಿಂದ, ಹೊಸ ಸೋಫಾ ಎಲ್ಲಿ ಎಂದು. ‘ಮಿಸ್ ಪೇಷನ್ಸ್’ನ ಕಪ್ತಾನ ಹಡಗಿನ ಗಂಟೆ ಬಾರಿಸುತ್ತ, ಮಾಲು ತಾಳೆಯಾಗದೆ ಹಗ್ಗ ಬಿಚ್ಚುವುದಿಲ್ಲ ಎಂದು ಕೂಗುತ್ತಿದ್ದ. ಗಂಟೆಯೂ ತಾಳಕ್ಕೆ ಸರಿಯಾಗಿತ್ತು.

ಮಿಸ್ಟರ್ ಕಾಸಿಮೀರ್ ಕಾಟಾದ ಕಡೆಗೆ ಓಡಿದ. “ಇಳೀರಿ! ಪಾಸು! ಎಲ್ಲರ ಪಾಸೂ ರದ್ದು!” ಎನ್ನುತ್ತ ಹೆಂಗಸರನ್ನು ಎಳೆಯಲು ತಾನೂ ಹಲಗೆಯ ಮೇಲೆ ಕಾಲಿಟ್ಟ. ಎರಡೂ ಕಾಲಿಟ್ಟ.

ಗಾಜಿನ ಗೂಡಿನಲ್ಲಿ ಲೆನಾಕ್ಸ್ ಮುಳ್ಳನ್ನು ನೋಡುತ್ತಿದ್ದ. ಮುಳ್ಳು ಇದ್ದಲ್ಲಿಂದ ನೂರ ಎಂಬತ್ತು ಮುಂದಕ್ಕೆ ಜಿಗಿಯಿತು. ಕಾಟಾದ ಮೇಲೆ ಏನು ಬಂದರೂ ಓದುವುದು, ಮೈಕಿನಲ್ಲಿ ಹೇಳುವುದು. ಹತ್ತು ವರ್ಷದ ಅಭ್ಯಾಸ.

“ಮಿಸ್ಟರ್ ಕಾಸಿಮೀರ್. ಹೆಲ್ಮೆಟ್ ಸಮೇತ ನೂರ ಎಂಬತ್ತು. ಖಾಲಿ ತೂಕ ಕಳೆದು ಐವತ್ತು.” ಪೆನ್ನು ಚೀಟಿಯ ಮೇಲಿತ್ತು. “ಮಾಲು ಯಾವುದು ಸಾರ್?”



“ಕುಂಬಳಕಾಯಿ!” ಎಂದಳು ಫಿಲೋ.

ಬಂದರು ಸಿಡಿಯಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದ ನಗುವಿಗೆ ಕಾಟಾದ ಮುಳ್ಳು ಹುಚ್ಚೆದ್ದು ಕುಣಿಯಿತು. ಹಮಾಲರು ನೆಲ ಬಡಿದರು. ಲೆನಾಕ್ಸ್ ಏನಾಯಿತೆಂದು ಆಗ ಅರ್ಥ ಮಾಡಿಕೊಂಡು ಮೇಜಿನ ಕೆಳಗೆ ಬಗ್ಗಿದ. ಅಲ್ಲಿಂದಲೂ ಅವನ ನಗು ಮೈಕಿನಲ್ಲಿ ಕೇಳುತ್ತಿತ್ತು.

“ನನ್ನ ಮೂವತ್ತು ಪೌಂಡ್ ಕೊಡಿ ಸಾರ್!” ಫಿಲೋ ಮಿಸ್ಟರ್ ಕಾಸಿಮೀರನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ನಾನು ನೂರೇ ಇರೋದು. ನೂರಾ ಮೂವತ್ತು ಅಂತ ಬರ್ದಿದ್ದೀರಲ್ಲ, ಮಿಕ್ಕಿದ್ದು ಎಲ್ಲಿಟ್ಟಿದ್ದೀರಿ? ಆಫೀಸಲ್ಲಾ? ತಂದ್ಕೊಡಿ, ನನ್ನ ಎದೆಗೆ ಸ್ವಲ್ಪ ಬೇಕಾಗಿತ್ತು!”

ಆ ಗದ್ದಲದ ನಡುವೆ ಮರ್ಲಿನಾ ಎದ್ದಳು. ಗಾಜಿನ ಗೂಡಿನ ಕಿಟಕಿಯೊಳಗೆ ಕೈ ಹಾಕಿ ಮೈಕನ್ನು ಹೊರಗೆ ಎಳೆದುಕೊಂಡಳು. ಯಾರೂ ತಡೆಯಲಿಲ್ಲ.

“ನನ್ನ ಹೆಸರು ಮರ್ಲಿನಾ,” ಎಂದಳು. ದನಿ ನಡುಗಿತು. ಮೈಕು ಆ ನಡುಕವನ್ನೂ ದೊಡ್ಡದು ಮಾಡಿತು. “ನನ್ನ ಚೀಟೀಲಿ ಇಪ್ಪತ್ತು ಪೌಂಡ್ ಶುಂಠಿ ಜಾಸ್ತಿ ಐತೆ. ಅದು ಶುಂಠಿ ಅಲ್ಲ. ಹತ್ತು ಪೌಂಡ್ ನಾನು. ಹತ್ತು ಪೌಂಡ್ ನನ್ನ ಮಗು. ನಾನೇ ಹೇಳ್ತಿದೀನಿ. ಯಾರಿಗಾದ್ರೂ ಶಿಳ್ಳೆ ಹಾಕೋದಿದ್ರೆ ಈಗ ಹಾಕಿ.”

ಯಾರೂ ಹಾಕಲಿಲ್ಲ. ಕಂಟೇನರಿನ ನೆರಳಲ್ಲಿ ಮೊದಲು ಶಿಳ್ಳೆ ಹೊಡೆದವನು ತನ್ನ ಟೋಪಿಯನ್ನು ತೆಗೆದು ಅದರೊಳಗೆ ಏನೋ ಹುಡುಕತೊಡಗಿದ. ಆಮೇಲೆ ಹಿಟ್ಟಿನ ಲಾರಿಯ ಡ್ರೈವರು ಒಂದೇ ಒಂದು ಸಲ, ಚಿಕ್ಕದಾಗಿ, ಪೀಂ ಎಂದ. ಮಗುವಿಗೆಂದೇ ಹಾರನ್ ಒತ್ತಿದ ಹಾಗಿತ್ತು. ಮರ್ಲಿನಾ ನಕ್ಕುಬಿಟ್ಟಳು.

ಮೇಲೆ, ಮೂವತ್ತು ಅಡಿ ಮೇಲೆ, ಓನೊರಿನ್‌ಳಿಗೆ ಇದೆಲ್ಲ ಕೇಳುತ್ತಿತ್ತು. ಬಲೆ ನಿಧಾನ ತಿರುಗುತ್ತಿತ್ತು. ತಲೆಯೂ ತಿರುಗುತ್ತಿತ್ತು. ಅವಳು ಕೆಳಗೆ ನೋಡಿದಳು. ಕೆಳಗೆ ನೋಡಬಹುದು ಎಂಬುದೇ ಅವಳಿಗೆ ಅಮಲೇರಿಸಿತು. ಇಷ್ಟೇನಾ ಈ ಬಂದರು? ಕಂಟೇನರುಗಳು ಮಕ್ಕಳು ಆಡಿ ಬಿಟ್ಟ ಪೆಟ್ಟಿಗೆಗಳ ಹಾಗಿದ್ದವು. ಕಚೇರಿಯ ತಗಡು ತುಕ್ಕು ಹಿಡಿದಿತ್ತು. ಮಿಸ್ಟರ್ ಕಾಸಿಮೀರ್ ಒಂದು ಹಳದಿ ಚುಕ್ಕೆ. ತಾನು ಮೂವತ್ತು ವರ್ಷ ಹೊತ್ತು ನಡೆದ ಅರವತ್ತು ಹೆಜ್ಜೆ ಒಂದು ಗೇಣು. ತಿರುಗಿತು ಬಲೆ. ಸಮುದ್ರ ಬಂತು. ತಿರುಗಿತು. ಗುಡ್ಡ ಬಂತು, ಜಿರೋಡೆಲ್ಲಿನ ಕೆಸುವಿನ ಹಸಿರು, ಅವಳ ಮನೆಯ ಕೆಂಪು ಮಾಡಿನ ಒಂದು ಚೂರು. ತಲೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಸಿಂಬೆ ಇತ್ತು. ಸಿಂಬೆಯ ಮೇಲೆ ಏನೂ ಇರಲಿಲ್ಲ. ತೆಗೆದು ಗಾಳಿಗೆ ಎಸೆದಳು.

ಅದು ಸುರುಳಿ ಬಿಚ್ಚಿಕೊಂಡು ಬಾವುಟದ ಹಾಗೆ ಇಳಿದು ಮಿಸ್ಟರ್ ಕಾಸಿಮೀರನ ಮುಂದೆ ಬಿತ್ತು. ಚೌಕುಳಿ ಬಟ್ಟೆ, ಬೆವರಿನಲ್ಲಿ ಒದ್ದೆ. ಅವನು ಅದನ್ನು ನೋಡಿದ. ಫೋನು ಹೊಡೆದುಕೊಳ್ಳುತ್ತಿತ್ತು. ಕೋಳಿಯ ಲಾರಿಯಿಂದ ಐಸು ಕರಗಿ ನೀರು ತೊಟ್ಟಿಕ್ಕುತ್ತಿತ್ತು. ಕುಂಬಳಕಾಯಿ, ಕುಂಬಳಕಾಯಿ ಎಂದು ಹೊಸ ಹಾಡು ಹುಟ್ಟುತ್ತಿತ್ತು. ಫೆಬ್ರವರಿಯ ಕಾರ್ನಿವಲ್ಲಿನ ತನಕ ಅದು ಬೆಳೆಯುತ್ತದೆ ಎಂಬುದು ಈ ದ್ವೀಪದಲ್ಲಿ ಹುಟ್ಟಿದ ಅವನಿಗೂ ಗೊತ್ತಿತ್ತು.

ಅವನು ಪುಸ್ತಕ ತೆಗೆದ. ಬರೆದದ್ದನ್ನು ಫಿಲೋ ಕಿತ್ತುಕೊಂಡು ಮೈಕಿನಲ್ಲಿ ಓದಿದಳು. “‘ಖಾಲಿ ಹೆಂಗಸು, ಯಾರ ಪಾಸೋ ಅವರದೇ ತಲೆ ಎಂಬ ಸಾಲುಗಳನ್ನು ತೆಗೆದುಹಾಕಿದೆ. ಹಿಂದಿನ ಚೀಟಿಗಳನ್ನು ತಿದ್ದಿ ಕೊಡಲಾಗುವುದು. ಇನ್ನು ಮಾಲನ್ನು ಮಾತ್ರ ತೂಗತಕ್ಕದ್ದು.’ ಸಹಿ ಎಲ್ಲಿ ಸಾರ್? ಹಾಂ, ಐತೆ. ಹುಳ ಹರಿದಾಡ್ದಂಗೈತೆ, ಆದ್ರೂ ಐತೆ!”

ನಾಲ್ಕು ಹಮಾಲರು ಯಾರೂ ಹೇಳದೆ ಕಚೇರಿಯ ಜಗುಲಿಗೆ ಹೋದರು. ಜರಿಗಿಡದ ಕುಂಡವನ್ನು ಮೆಟ್ಟಿಲ ಮೇಲಿಟ್ಟು ಹಳೆಯ ತಕ್ಕಡಿಯನ್ನು ಹೊತ್ತು ತಂದರು. ಅದರ ಹಲಗೆಯ ಮೇಲೆ ಕುಂಡದ ಗುಂಡನೆಯ ಒದ್ದೆ ಕಲೆ ಇತ್ತು. ಮರ್ಲಿನಾ ಲಂಗದ ಅಂಚಿನಿಂದ ಅದನ್ನು ಒರೆಸಿದಳು. ಅವಳ ಹೆಡಿಗೆಯನ್ನು ಮೊದಲು ಇಟ್ಟರು. ನೂರು. ಶುಂಠಿ. ಅಷ್ಟೇ.

ಮಿಸ್ಟರ್ ಕಾಸಿಮೀರ್ ಇನ್ನೊಂದು ಚೀಟಿ ಬರೆದು ಕ್ರೇನಿಗೆ ಕಳಿಸಿದ. ಕೆಳಗಿಂದ ತಾನೂ ಕೂಗಿದ, ಮಾನ ಉಳಿಸಿಕೊಳ್ಳಲು ಏನಾದರೂ ಕೂಗಲೇಬೇಕಿತ್ತು. “ಆದರೆ ಕ್ರೇನನ್ನು ದುರುಪಯೋಗ ಮಾಡಿದ್ದಕ್ಕೆ ಆ ಹೆಂಗಸಿನ ಪಾಸು ಒಂದು ತಿಂಗಳು ಅಮಾನತು! ಕೇಳಿಸಿತಾ ಮೇಡಂ? ನಾಲ್ಕು ಬುಧವಾರ!”

ನಾಲ್ಕು ಬುಧವಾರ. ನಾಲ್ಕು ಹಡಗು. ಓನೊರಿನ್ ಮೇಲಿನಿಂದಲೇ ಬೆರಳು ಮಡಚಿ ಎಣಿಸಿದಳು.

“ನಿನ್ನ ಹೆಡಿಗೆ ನನ್ನ ತಲೆ ಮೇಲೆ ಕಣೇ!” ಕೆಳಗಿಂದ ಫಿಲೋ ಕೂಗಿದಳು. “ನಾಲ್ಕು ವಾರಾನೂ! ಹನ್ನೊಂದು ಸಲ ಹೊತ್ತೀನಿ, ಇನ್ನೊಂದು ಹೆಚ್ಚಾ?”

“ನನ್ನ ತಲೆ ಮೇಲೂ!” ಎಂದಳು ಮರ್ಲಿನಾ.

“ನೀನು ಸುಮ್ನಿರೇ, ಎರಡು ಹೊತ್ತಿದೀಯ!” ಎಂದು ನಲವತ್ತು ಹೆಂಗಸರು ಗದರಿದರು.

ಹೆಸ್ಕೆತ್ ಗೂಡಿನಿಂದ ತಲೆ ಹೊರಗೆ ಹಾಕಿದ. ಚೀಟಿಯನ್ನು ಬೀಸಿ ತೋರಿಸಿದ. “ಬಂತು ಕೊಮೇರ್! ಸರಿಯಾಗಿ ಬರ್ದವ್ನೆ! ‘ಓನೊರಿನ್ ಎಂಬ ಹೆಂಗಸು’ ಅಂತ, ಹೆಸರು ಸಮೇತ! ಇಳಿಸ್ಲಾ?”

ಕೆಳಗೆ ಹೆಂಗಸರು ಕಾಟಾ ಇಳಿಯುತ್ತಿದ್ದರು. ಹಿಟ್ಟಿನ ಲಾರಿ ಗುರುಗುಟ್ಟಿ ಮುಂದೆ ಸರಿಯುತ್ತಿತ್ತು. ಗಾಳಿ ಅವಳ ಬೆವರಿದ ಕತ್ತನ್ನು ಒಣಗಿಸುತ್ತಿತ್ತು, ಮೂವತ್ತು ವರ್ಷದಲ್ಲಿ ಗಾಳಿ ಆ ಜಾಗಕ್ಕೆ ಬಂದಿರಲಿಲ್ಲ. ಓನೊರಿನ್ ಬಲೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ತಡಿ ಕೊಂಪೇರ್!” ಎಂದಳು. “ಇನ್ನೊಂದ್ ಸುತ್ತು!”